ನಗೆಯೂ ಅಂಜಿಕೆಯೂ ಕೂಡಿದ ಕಥನ: ಮರ್ವಿನ್ ಪೀಕ್‌ನ ಗಾರ್ಮೆನ್‌ಗಾಸ್ಟ್ ಕಾದಂಬರಿಗಳು

ರಸಗಳ ಪರಸ್ಪರ ಸಂಬಂಧವನ್ನು ವಿವೇಚಿಸಿದ ಭಾರತೀಯ ಆಲಂಕಾರಿಕರು ಕೆಲವು ರಸಗಳನ್ನು ಮಿತ್ರರೆಂದೂ ಕೆಲವನ್ನು ವಿರೋಧಿಗಳೆಂದೂ ಗುರುತಿಸಿದ್ದಾರೆ. ವಿಶ್ವನಾಥನ ‘ಸಾಹಿತ್ಯದರ್ಪಣ’ದ ಪ್ರಕಾರ ಹಾಸ್ಯಕ್ಕೆ ಭಯಾನಕವೂ ಕರುಣವೂ ವಿರೋಧಿಗಳು. ಅಂಜಿದವನು ನಗಲಾರನು, ನಗುವವನಿಗೆ ಅಂಜಿಕೆಯಿಲ್ಲ ಎಂಬ ಲೋಕಾನುಭವವೇ ಈ ನಿಯಮಕ್ಕೆ ಆಧಾರವಾಗಿರಬೇಕು. ಆದರೆ ಆಂಗ್ಲ ಸಾಹಿತ್ಯದಲ್ಲಿ ಈ ವಿರೋಧಿಗಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ ಉಣಬಡಿಸುವ ಒಂದು ಬಗೆಯ ಅದ್ಭುತ ಕಾದಂಬರಿಯು ಬೆಳೆದುಬಂದಿದೆ. ಅದರಲ್ಲಿ ಕತ್ತಲೆಯೂ ಇದೆ, ಹುಡುಗಾಟವೂ ಇದೆ. ಇಂಥ ಕೃತಿಯನ್ನು ಮೊದಲ ಬಾರಿಗೆ ಕೈಗೆತ್ತಿಕೊಳ್ಳುವ ಓದುಗನು ನಗಬೇಕೋ ನಡುಗಬೇಕೋ ತಿಳಿಯದೆ ತಬ್ಬಿಬ್ಬಾಗುವುದು ಸಹಜ. ಆ ತಬ್ಬಿಬ್ಬಿನಲ್ಲಿಯೇ ಇದರ ಸವಿ ಅಡಗಿದೆಯೆಂಬುದನ್ನು ತೋರಿಸಲು ಮರ್ವಿನ್ ಪೀಕ್‌ನ ಮೂರು ಕಾದಂಬರಿಗಳಿಗಿಂತ ಉತ್ತಮ ನಿದರ್ಶನ ಸಿಗುವುದು ಕಷ್ಟ: ‘ಟೈಟಸ್ ಗ್ರೋನ್’ (1946), ‘ಗಾರ್ಮೆನ್‌ಗಾಸ್ಟ್’ (1950) ಮತ್ತು ‘ಟೈಟಸ್ ಅಲೋನ್’ (1959).

ಪೀಕ್‌ನು ಹುಟ್ಟಿದ್ದು 1911ರಲ್ಲಿ, ಚೀನಾದೇಶದ ಕುಲಿಂಗ್ ಎಂಬ ಗಿರಿಧಾಮದಲ್ಲಿ. ತಂದೆಯು ಕ್ರೈಸ್ತ ಮಿಷನ್ನಿನ ವೈದ್ಯ. ಬಾಲ್ಯದ ಹೆಚ್ಚಿನ ಕಾಲವು ಟಿಯನ್‌ಜಿನ್ ನಗರದಲ್ಲಿ, ಯುರೋಪಿಯನ್ನರ ಆವರಣದೊಳಗೆ ಕಳೆಯಿತು. ಗೋಡೆಯ ಒಳಗೊಂದು ಲೋಕ, ಹೊರಗೊಂದು ಲೋಕ. ಅವನ ಕಾದಂಬರಿಯ ಕೋಟೆಗೂ ಅದರ ಹೊರಗೋಡೆಗೆ ಅಂಟಿಕೊಂಡ ಮಣ್ಣಿನ ಗುಡಿಸಲುಗಳಿಗೂ ಇಲ್ಲಿಯೇ ಮೂಲವಿದೆಯೆಂದು ವಿಮರ್ಶಕರು ಊಹಿಸುವುದುಂಟು. ವೃತ್ತಿಯಿಂದ ಅವನು ಚಿತ್ರಕಾರ. ಲೂಯಿ ಕ್ಯಾರಲ್‌ನ ‘ಸ್ನಾರ್ಕ್’ ಕಾವ್ಯಕ್ಕೆ 1941ರಲ್ಲಿ ಚಿತ್ರ ಬರೆದನು. ಆಲಿಸ್ ಕಥೆಗೂ ಬರೆದನು. (ಈ ಆಲಿಸ್ ಕನ್ನಡಿಗರಿಗೆ ಅಪರಿಚಿತಳಲ್ಲ, ನಾ. ಕಸ್ತೂರಿಯವರ ‘ಪಾತಾಳದಲ್ಲಿ ಪಾಪಚ್ಚಿ’ ಅವಳೇ.) ಎರಡನೆಯ ಮಹಾಯುದ್ಧದಲ್ಲಿ ಸೈನ್ಯಕ್ಕೆ ಸೇರಿದ ಪೀಕ್‌ನು ಬಿಡುವಿನಲ್ಲಿ ‘ಟೈಟಸ್ ಗ್ರೋನ್’ ಬರೆಯತೊಡಗಿದನು. ಆ ಹಸ್ತಪ್ರತಿಗಳ ಪುಟಗಳಲ್ಲಿ ಪಾತ್ರಗಳ ರೇಖಾಚಿತ್ರಗಳು ತುಂಬಿವೆ. ಮೊದಲು ಮುಖವನ್ನು ಕಂಡು ಅನಂತರ ಮಾತನ್ನು ಬರೆದವನ ಗದ್ಯವಿದು ಎಂಬುದನ್ನು ಓದುಗನು ನೆನಪಿನಲ್ಲಿಟ್ಟುಕೊಂಡರೆ ಅರ್ಧ ತೊಡಕು ಪರಿಹಾರವಾದಂತೆ.

ಕಥೆಯ ಕೇಂದ್ರವು ಗಾರ್ಮೆನ್‌ಗಾಸ್ಟ್ ಎಂಬ ಅಪಾರವಾದ ಕೋಟೆ. ಅದರ ಒಡೆಯನಾದ ಸೆಪಲ್‌ಕ್ರೇವ್‌ನು ಗ್ರೋನ್ ವಂಶದ 76ನೆಯ ಪ್ರಭು. ಈಗ ತಾನೆ ಹುಟ್ಟಿದ ಟೈಟಸ್ 77ನೆಯವನಾಗಬೇಕಾದವನು. ಅದ್ಭುತ ಕಾದಂಬರಿಯೆಂದೊಡನೆ ಮಾಟಗಾರರನ್ನೂ ಮಾಯದ ಉಂಗುರವನ್ನೂ ನಿರೀಕ್ಷಿಸುವವರಿಗೆ ಇಲ್ಲಿ ನಿರಾಶೆ ಕಾದಿದೆ. 1954–55ರಲ್ಲಿ ಹೊರಬಂದ ಟೋಲ್ಕಿನ್‌ನ ಮಹಾಕಥೆಯಲ್ಲಿ ಮಂತ್ರಶಕ್ತಿಯಿದೆ, ಮಾನವೇತರ ಕುಲಗಳಿವೆ. ಪೀಕ್‌ನ ಕೋಟೆಯಲ್ಲಿ ಒಂದು ಭೂತವೂ ಇಲ್ಲ. ಇರುವುದು ಕಲ್ಲು, ಧೂಳು, ಮಳೆ ಮತ್ತು ವಿಧಿಗಳು. ಪ್ರಭುವು ಪ್ರತಿದಿನ ಯಾವ ಹೊತ್ತಿಗೆ ಏನು ಮಾಡಬೇಕೆಂಬುದು ಹಳೆಯ ಗ್ರಂಥಗಳಲ್ಲಿ ಬರೆದಿದೆ. ಅದನ್ನು ಓದಿ ಹೇಳಲೆಂದೇ ಒಬ್ಬ ಅಧಿಕಾರಿಯಿದ್ದಾನೆ. ಏಕೆ ಮಾಡಬೇಕೆಂಬುದು ಮಾತ್ರ ಮರೆತುಹೋಗಿದೆ.

ಇದಕ್ಕೆ ಒಂದು ಉದಾಹರಣೆ ಸಾಕು. ಕೋಟೆಯ ಹೊರಗಿನ ಗುಡಿಸಲುಗಳ ಜನರು ವರ್ಷವಿಡೀ ಮರದಲ್ಲಿ ಬಣ್ಣದ ಶಿಲ್ಪಗಳನ್ನು ಕೆತ್ತುತ್ತಾರೆ. ಜೂನ್ ತಿಂಗಳ ಆರಂಭದಲ್ಲಿ ಒಂದು ದಿನ ಅವುಗಳನ್ನು ಪ್ರಭುವಿನ ಮುಂದೆ ಸಾಲಾಗಿ ಇಡಲಾಗುತ್ತದೆ. ಮೂರನ್ನು ಆರಿಸಿ, ಉಳಿದವನ್ನೆಲ್ಲ ಅಂದೇ ಸುಟ್ಟುಬಿಡಲಾಗುತ್ತದೆ. ಆರಿಸಿದ ಮೂರಕ್ಕಾದರೂ ಮರ್ಯಾದೆಯುಂಟೇ? ಅವು ಕೋಟೆಯ ಮೇಲಂತಸ್ತಿನ ಒಂದು ಹಜಾರವನ್ನು ಸೇರುತ್ತವೆ. ಅಲ್ಲಿಗೆ ಯಾರೂ ಬರುವುದಿಲ್ಲ. ರಾಟ್‌ಕಾಡ್ ಎಂಬ ಪಾಲಕನು ಅವುಗಳ ಧೂಳು ಹೊಡೆಯುತ್ತ, ಉಳಿದ ಹೊತ್ತು ತೂಗುಮಂಚದಲ್ಲಿ ಮಲಗಿರುತ್ತಾನೆ. ಮೊದಲ ಓದಿಗೆ ಇದು ಬರಿಯ ತಮಾಷೆ. ಸುಟ್ಟ ಶಿಲ್ಪಗಳ ಹಿಂದಿನ ಕೈಗಳು ನೆನಪಾದಾಗ ನಗೆಯು ಗಂಟಲಲ್ಲಿ ನಿಲ್ಲುತ್ತದೆ.

ಖಳನಾಯಕನ ಚಿತ್ರಣದಲ್ಲಿಯೂ ಇದೇ ಕ್ರಮ. ಸ್ಟಿಯರ್‌ಪೈಕ್ ಹದಿನೇಳರ ಹರೆಯದ ಅಡುಗೆಮನೆಯ ಆಳು. ಮದ್ಯದ ಅಮಲಿನ ದೈತ್ಯ ಬಾಣಸಿಗ ಸ್ವೆಲ್ಟರನಿಂದ ತಪ್ಪಿಸಿಕೊಂಡು, ಕೋಟೆಯ ಛಾವಣಿಗಳ ಮೇಲೆ ಹತ್ತಿ ಸಾಗಿ, ಪ್ರಭುವಿನ ಮಗಳಾದ ಫ್ಯೂಷಿಯಾಳ ಅಟ್ಟವನ್ನು ಸೇರುತ್ತಾನೆ. ಅವನ ಜಾಣತನಕ್ಕೂ ಧೈರ್ಯಕ್ಕೂ ಓದುಗನು ಮಾರುಹೋಗುತ್ತಾನೆ. ಕೊಳೆತ ವಿಧಿಗಳ ನಡುವೆ ಯೋಚಿಸಬಲ್ಲವನು ಅವನೊಬ್ಬನೇ ಎನ್ನಿಸುತ್ತದೆ. ಮುಂದೊಂದು ಸಂದರ್ಭದಲ್ಲಿ ಅವನು ಸರ್ವಸಮಾನತೆಯ ಕುರಿತು ಸೊಗಸಾಗಿ ಮಾತನಾಡುತ್ತಾನೆ. ಮಾತನಾಡುತ್ತಲೇ ಒಂದು ದುಂಬಿಯ ಕಾಲುಗಳನ್ನು ಒಂದೊಂದಾಗಿ ಕೀಳುತ್ತಿರುತ್ತಾನೆ. ಪೀಕ್‌ನು ಇಲ್ಲಿ ಯಾವ ವ್ಯಾಖ್ಯಾನವನ್ನೂ ಸೇರಿಸುವುದಿಲ್ಲ. ಅಂದರೆ ಸತ್ತ ಸಂಪ್ರದಾಯಕ್ಕೂ ದಯೆಯಿಲ್ಲದ ಬುದ್ಧಿಗೂ ನಡುವೆ ಓದುಗನು ಸುಲಭವಾಗಿ ಪಕ್ಷ ವಹಿಸುವಂತಿಲ್ಲ.

ಸ್ಟಿಯರ್‌ಪೈಕ್‌ನ ಸಂಚಿನಿಂದ ಪ್ರಭುವಿನ ಗ್ರಂಥಾಲಯವು ಬೆಂಕಿಗೆ ಆಹುತಿಯಾಗುತ್ತದೆ. ವಿಷಣ್ಣ ಸ್ವಭಾವದ ಸೆಪಲ್‌ಕ್ರೇವ್‌ನಿಗೆ ಆ ಪುಸ್ತಕಗಳೇ ಬದುಕಿನ ಆಸರೆ. ಅನಂತರ ಬರುವ ದೃಶ್ಯವು ಮೂರು ಸಂಪುಟಗಳಲ್ಲಿಯೇ ಶ್ರೇಷ್ಠವೆನ್ನಬಹುದು. ಮತಿ ಕದಡುತ್ತಿರುವ ತಂದೆಯನ್ನು ಸಮಾಧಾನಪಡಿಸಲು ಫ್ಯೂಷಿಯಾಳು ಪೈನ್ ಮರದ ಕಾಯಿಗಳನ್ನು ಆಯ್ದು, ನೆಲದ ಮೇಲೆ ಸಾಲುಸಾಲಾಗಿ ಜೋಡಿಸುತ್ತಾಳೆ. ಆ ಸಾಲುಗಳೇ ಗ್ರಂಥಾಲಯದ ಕಪಾಟುಗಳು. ಒಂದೊಂದು ಕಾಯಿಯೂ ಒಂದೊಂದು ಪುಸ್ತಕ. ಕವಿಗಳ ಸಾಲು ಎಲ್ಲಿ ಬರಬೇಕೆಂದು ತಂದೆಯು ಗಂಭೀರವಾಗಿ ನಿರ್ದೇಶಿಸುತ್ತಾನೆ. ಇದುವರೆಗೆ ಮಗಳನ್ನು ಸರಿಯಾಗಿ ಮಾತನಾಡಿಸದಿದ್ದವನು ಈ ಹುಚ್ಚಾಟದಲ್ಲಿಯೇ ಅವಳಿಗೆ ಹತ್ತಿರವಾಗುತ್ತಾನೆ. ಮಕ್ಕಳ ಆಟದಂತಿರುವ ಈ ಪ್ರಸಂಗವನ್ನು ನಗುನಗುತ್ತ ಓದಲು ತೊಡಗಿದವನಿಗೆ ಕಣ್ಣು ತೇವವಾದದ್ದು ತಡವಾಗಿ ತಿಳಿಯುತ್ತದೆ. ಮುಂದೆ ಸೆಪಲ್‌ಕ್ರೇವ್‌ನು ತಾನೊಂದು ಗೂಬೆಯೆಂದು ಭಾವಿಸತೊಡಗುತ್ತಾನೆ. ಕೊನೆಗೆ ಹಾಳು ಗೋಪುರದಲ್ಲಿ ಗೂಬೆಗಳಿಗೇ ಆಹಾರವಾಗುತ್ತಾನೆ. ಹಾಸ್ಯವು ಇಲ್ಲಿ ಕರುಣವನ್ನು ಕೆಡಿಸಿತೇ? ಅದನ್ನು ಸಹಿಸಿಕೊಳ್ಳಲು ಬೇಕಾದ ಶಕ್ತಿಯನ್ನು ಕೊಟ್ಟಿತು ಎಂದರೆ ಸತ್ಯಕ್ಕೆ ಹತ್ತಿರ. ಆಲಂಕಾರಿಕರೂ ವಿರೋಧಪರಿಹಾರದ ಮಾರ್ಗಗಳನ್ನು ಹೇಳದೆ ಬಿಟ್ಟಿಲ್ಲವಷ್ಟೆ.

ಈ ಕತ್ತಲೆಗೆಲ್ಲ ಯುದ್ಧವೇ ಕಾರಣವೆನ್ನುವವರಿದ್ದಾರೆ. 1945ರಲ್ಲಿ ಒಂದು ವಾರಪತ್ರಿಕೆಯ ಪರವಾಗಿ ಚಿತ್ರ ಬರೆಯಲು ಜರ್ಮನಿಗೆ ಹೋದ ಪೀಕ್‌ನು, ಆಗಷ್ಟೇ ಬಿಡುಗಡೆಗೊಂಡಿದ್ದ ಬೆಲ್ಸನ್ ಯಾತನಾಶಿಬಿರದಲ್ಲಿ ಸಾಯುತ್ತಿದ್ದವರನ್ನು ಕಣ್ಣಾರೆ ಕಂಡನು. ಸಾಯುತ್ತಿದ್ದ ಒಬ್ಬ ಹುಡುಗಿಯನ್ನು ಚಿತ್ರಿಸಿದ್ದು ಅವನನ್ನು ಬಹುಕಾಲ ಕಾಡಿತು. ಕಲಾವಿದನ ಕಣ್ಣಿಗೆ ಅಂಥ ಹಕ್ಕುಂಟೇ ಎಂಬ ಪ್ರಶ್ನೆಯಿಂದಲೇ ಅವನ ಒಂದು ಕವಿತೆ ಹುಟ್ಟಿದೆ. ಆದರೆ ಕಾಲಕ್ರಮವನ್ನು ಗಮನಿಸಬೇಕು. ‘ಟೈಟಸ್ ಗ್ರೋನ್’ ಕಾದಂಬರಿಯ ಬರವಣಿಗೆಯು ಬಹುಮಟ್ಟಿಗೆ ಅದಕ್ಕೆ ಮೊದಲೇ ಆಗಿತ್ತು. ಬೆಲ್ಸನ್ನಿನ ನೆರಳು ನೇರವಾಗಿ ಬಿದ್ದಿರುವುದು ಮೂರನೆಯ ಸಂಪುಟದ ಮೇಲೆ; ಅಲ್ಲಿ ಶಿಬಿರದ ಯಾತನೆಯಿಂದ ಪಾರಾಗಿ ಬಂದ ‘ಬ್ಲ್ಯಾಕ್ ರೋಸ್’ ಎಂಬ ಹೆಂಗಸು, ಬಿಳಿಯ ಹಾಸಿಗೆಯನ್ನು ಸೇರುತ್ತಲೇ ಪ್ರಾಣ ಬಿಡುತ್ತಾಳೆ.

ಓದುವ ಕ್ರಮದ ಬಗ್ಗೆ ಒಂದು ಮಾತು. ಕಥೆ ಮುಂದೇನಾಯಿತೆಂದು ಪುಟ ಹಾರಿಸುವವರಿಗೆ ಇವು ಒಗ್ಗುವುದಿಲ್ಲ. ನೂರಾರು ಪುಟಗಳು ಕಳೆದರೂ ನಾಯಕನಾದ ಟೈಟಸ್‌ಗೆ ವರ್ಷ ಎರಡು ತುಂಬುವುದಿಲ್ಲ! ಎರಡನೆಯ ಸಂಪುಟದ ಉಪಾಧ್ಯಾಯರ ಪ್ರಸಂಗಗಳು ವಿನೋದಮಯವಾದರೂ ಕೊಂಚ ಲಂಬಿಸಿವೆ. ದಿನಕ್ಕೊಂದು ಅಧ್ಯಾಯ, ಸಾಧ್ಯವಾದರೆ ಗಟ್ಟಿಯಾಗಿ ಓದಿಕೊಂಡರೆ ವಾಕ್ಯಗಳ ನಡಿಗೆ ಹಿಡಿತಕ್ಕೆ ಸಿಗುತ್ತದೆ.

ಮೂರನೆಯ ಸಂಪುಟದ ವೇಳೆಗೆ ಪೀಕ್‌ನನ್ನು ನರಸಂಬಂಧಿ ಕಾಯಿಲೆಯು ಹಿಡಿದಿತ್ತು; ಕೈ ನಡುಗುತ್ತಿತ್ತು. ‘ಟೈಟಸ್ ಅಲೋನ್’ ಬಿಗಿ ತಪ್ಪಿದ ಕೃತಿಯೆಂಬ ಆಕ್ಷೇಪಕ್ಕೆ ಪ್ರಕಾಶಕರ ಕತ್ತರಿಯೂ ಸ್ವಲ್ಪ ಕಾರಣ. ಲ್ಯಾಂಗ್ಡನ್ ಜೋನ್ಸ್ ಎಂಬಾತನು ಹಸ್ತಪ್ರತಿಗಳನ್ನು ಪರಿಶೀಲಿಸಿ ಸಿದ್ಧಪಡಿಸಿದ ಪರಿಷ್ಕೃತ ಪಾಠವು 1970ರಲ್ಲಿ ಬಂದಿತು. ಅದನ್ನು ನೋಡಲು ಪೀಕ್‌ನು ಇರಲಿಲ್ಲ, 1968ರಲ್ಲಿ ತೀರಿಕೊಂಡಿದ್ದನು. ಈ ಕೊನೆಯ ಸಂಪುಟದಲ್ಲಿ ಟೈಟಸ್ ಕೋಟೆಯನ್ನು ತೊರೆದು ಅಲೆಯುತ್ತಾನೆ. ಗಾರ್ಮೆನ್‌ಗಾಸ್ಟ್ ಎಂಬುದೊಂದಿದೆಯೆಂದು ಯಾರೂ ನಂಬದಿರಲು, ಅದು ತನ್ನ ಭ್ರಮೆಯೇ ಎಂಬ ಸಂಶಯವು ಅವನನ್ನೂ ಕಾಡುತ್ತದೆ. ಕಡೆಗೆ ಪರಿಚಿತವಾದ ಒಂದು ಬಂಡೆಯ ಬಳಿ ಬಂದು ನಿಂತಾಗ, ಆಚೆಯಿಂದ ಕೋಟೆಯ ತೋಪಿನ ಸದ್ದು ಕೇಳಿಸುತ್ತದೆ. ನಾಲ್ಕು ಹೆಜ್ಜೆ ಸುತ್ತಿ ಬಂದರೆ ಕೋಟೆಯು ಕಾಣುತ್ತದೆ. ಅವನು ನೋಡುವುದಿಲ್ಲ, ಬೇರೊಂದು ದಾರಿಯಿಂದ ಬೆಟ್ಟವನ್ನು ಇಳಿಯುತ್ತಾನೆ.