ಆಳಂದದಿಂದ ಬ್ರೆಜಿಲ್‌ವರೆಗೆ: ಸಾರ್ವಜನಿಕ ನೀತಿ ಓದುವವರಿಗೆ ಆರು ಸೂತ್ರಗಳು

ಸರ್ಕಾರ ಒಂದು ನಿರ್ಧಾರಕ್ಕೆ ಬರುವುದು ಹೇಗೆ? ಅದೇ ಸಮಸ್ಯೆಯನ್ನು ಬೇರೆ ದೇಶ ಹೇಗೆ ನಿಭಾಯಿಸಿತು? ಇದನ್ನು ಕಲಿಯಲು ದೆಹಲಿಗೇ ಹೋಗಬೇಕೆಂದಿಲ್ಲ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯ ವಿದ್ಯಾರ್ಥಿಗಳಿಗೆ ಬೇಕಾದ ಸಾಮಗ್ರಿ ಊರಲ್ಲೇ ಇದೆ. ಕೇಂದ್ರೀಯ ವಿಶ್ವವಿದ್ಯಾಲಯವೂ ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ಇದೆ.

1. ಮೂಲ ವರದಿಯನ್ನೇ ಓದಿ. ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ನಮ್ಮ ಮೂರೂ ತಾಲ್ಲೂಕುಗಳು ಆ ಪಟ್ಟಿಯಲ್ಲಿವೆ. ಶಾಲೆ, ಆಸ್ಪತ್ರೆ, ನೀರಾವರಿ ಇವುಗಳಲ್ಲಿ ನಿಮ್ಮ ತಾಲ್ಲೂಕು ಹಿಂದೆ ಬಿದ್ದದ್ದು ಯಾವುದರಲ್ಲಿ? ಪಟ್ಟಿ ಮಾಡಿ, ಇಂದಿನ ಸ್ಥಿತಿಯನ್ನು ಪಕ್ಕದಲ್ಲೇ ಬರೆಯಿರಿ.

2. ನಿರ್ಧಾರದ ಜಾಡು ಹಿಡಿಯಿರಿ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಒಂದೇ ದಿನದಲ್ಲಿ ಬಂದದ್ದಲ್ಲ. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಹೋರಾಡಿದರು. 2012ರಲ್ಲಿ ಸಂಸತ್ತು ತಿದ್ದುಪಡಿಗೆ ಒಪ್ಪಿತು. ಮೀಸಲಾತಿ ಆದೇಶ, ಅಭಿವೃದ್ಧಿ ಮಂಡಳಿ, ಅನುದಾನ ಆಮೇಲೆ ಬಂದವು. ಬೇಡಿಕೆ, ಕಾನೂನು, ಆದೇಶ, ಹಣ: ಯಾವ ಹಂತದಲ್ಲಿ ಕೆಲಸ ನಿಂತಿತೆಂದು ಹುಡುಕಿ.

3. ಸರಿಜೋಡಿಯನ್ನು ಹೋಲಿಸಿ. ಆಳಂದವನ್ನು ಬೆಂಗಳೂರಿಗೆ ಹೋಲಿಸಿದರೆ ವ್ಯತ್ಯಾಸ ಕಾಣುತ್ತದೆ, ಕಾರಣ ಸಿಗುವುದಿಲ್ಲ. ಗಡಿಯಾಚೆಯ ಉಮರ್ಗಾಕ್ಕೆ ಹೋಲಿಸಿ. ಎರಡೂ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು, 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಆಮೇಲೆ ಒಂದು ಕರ್ನಾಟಕಕ್ಕೆ ಸೇರಿತು, ಇನ್ನೊಂದು ಮಹಾರಾಷ್ಟ್ರದ ಮರಾಠವಾಡಕ್ಕೆ. ಆಳಂದಕ್ಕೆ 371(ಜೆ) ಇದ್ದರೆ, ಮರಾಠವಾಡಕ್ಕೆ 371(2)ರಡಿ 1994ರಲ್ಲೇ ಅಭಿವೃದ್ಧಿ ಮಂಡಳಿ ಬಂತು. ಚರಿತ್ರೆ ಒಂದೇ, ಆಡಳಿತ ಬೇರೆ. ನೀತಿಯ ಪರಿಣಾಮ ಅಳೆಯಲು ಇದಕ್ಕಿಂತ ಒಳ್ಳೆಯ ಜೋಡಿ ಸುಲಭಕ್ಕೆ ಸಿಗದು.

4. ತೊಗರಿಯ ಬೆನ್ನು ಹತ್ತಿ. 2016ರಲ್ಲಿ ಭಾರತ ಮೊಜಾಂಬಿಕ್‌ನಿಂದ ಬೇಳೆಕಾಳು ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಆ ಹಂಗಾಮಿನಲ್ಲಿ ಇಲ್ಲಿಯೂ ಭರ್ಜರಿ ಫಸಲು ಬಂದು ದರ ಕುಸಿಯಿತು. 2017ರ ಆಗಸ್ಟ್‌ನಲ್ಲಿ ತೊಗರಿ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ ಮಿತಿ ಬಿತ್ತು. ದೆಹಲಿಯ ಒಂದು ಆದೇಶ ಜೇವರ್ಗಿಯ ರೈತನನ್ನೂ ಆಫ್ರಿಕದ ರೈತನನ್ನೂ ತಟ್ಟುತ್ತದೆ. ಬೆಂಬಲ ಬೆಲೆ, ಆಮದು ಸುಂಕ, ಖರೀದಿ ಕೇಂದ್ರ ತೆರೆದ ದಿನ: ಮೂರನ್ನೂ ಒಟ್ಟಿಗಿಟ್ಟು ಓದಿ.

5. ಹೊರದೇಶದ ಮಾದರಿಯ ಷರತ್ತನ್ನೂ ತಿಳಿಯಿರಿ. 2002ರಲ್ಲಿ ಶಾಲಾ ಬಿಸಿಯೂಟದ ಅಕ್ಷರ ದಾಸೋಹ ಯೋಜನೆ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ನಮ್ಮದೂ ಒಂದು. ಬ್ರೆಜಿಲ್ 2009ರಲ್ಲಿ, ಶಾಲಾ ಊಟಕ್ಕೆ ಕೇಂದ್ರ ಕೊಡುವ ಹಣದಲ್ಲಿ ಕನಿಷ್ಠ ಶೇ 30ರಷ್ಟನ್ನು ಸಣ್ಣ ರೈತ ಕುಟುಂಬಗಳಿಂದ ಖರೀದಿಗೇ ಬಳಸಬೇಕೆಂದು ಕಾನೂನು ಮಾಡಿತು. ಇಲ್ಲಿನ ಮಕ್ಕಳ ಸಾಂಬಾರಿಗೆ ಇಲ್ಲಿನದೇ ತೊಗರಿ ಬೀಳಬಾರದೇಕೆ? ಬೀಳಬೇಕಾದರೆ ಟೆಂಡರ್, ಗೋದಾಮು, ರೈತ ಸಂಘ ಹೇಗಿರಬೇಕು? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವುದೇ ನಿಜವಾದ ಅಧ್ಯಯನ.

6. ಜನರನ್ನು ಕೇಳಿ, ಕನ್ನಡದಲ್ಲಿ ಬರೆಯಿರಿ. ಉಜನಿ ಜಲಾಶಯದಿಂದ ನೀರು ಬಿಟ್ಟಾಗ ಅಫಜಲಪುರದ ಭೀಮಾ ದಂಡೆಯವರಿಗೆ ಎಚ್ಚರಿಕೆ ಎಷ್ಟು ಹೊತ್ತಿಗೆ ಮುಟ್ಟುತ್ತದೆ? ಅದನ್ನು ಆ ಊರಿನವರೇ ಹೇಳಬೇಕು. ಕೇಳಿದ್ದನ್ನು ಎರಡು ಪುಟದಲ್ಲಿ ಬರೆದು ಗ್ರಾಮಸಭೆಯಲ್ಲಿ ಓದಿ, ತಹಶೀಲ್ದಾರರಿಗೂ ಶಾಸಕರಿಗೂ ಕೊಡಿ. ನಮ್ಮ ತಾಲ್ಲೂಕುಗಳ ಬಗ್ಗೆ ಹೊರಗಿನವರು ಬರೆದದ್ದು ಬೇಕಾದಷ್ಟಿದೆ. ಇನ್ನು ಇಲ್ಲಿನವರೇ ಲೆಕ್ಕ ಹಿಡಿದು ಮಾತಾಡಬೇಕು.