ಬೆಕ್ಕಿಗೆ ಚೆಲ್ಲಾಟ, ಹಕ್ಕಿಗೆ ಪ್ರಾಣಸಂಕಟ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿಕೊಂಡಾಗ, ಈ ಶಾಲೆಯಲ್ಲಿ ನಾನು ತಪ್ಪಾಗಿ ಕಲಿಸಿದ ಪಾಠವೊಂದನ್ನು ತಿದ್ದಿ ಬರೆಯುವುದೇ ಉಚಿತವೆಂದು ತೋರಿತು.

ಶಾಲೆಯ ಅಡುಗೆಕೋಣೆಯ ಅಟ್ಟದಲ್ಲಿ ಬೆಕ್ಕು ಮರಿಯಿಟ್ಟಾಗಲೆಲ್ಲ, ಮರಿಗಳು ಸ್ವಲ್ಪ ಬೆಳೆದ ಬಳಿಕ ಅವನ್ನು ಗೋಣಿಚೀಲದಲ್ಲಿ ಕಟ್ಟಿ ಗುಡ್ಡದಾಚೆ ಬಿಟ್ಟುಬರುವಂತೆ ಏಳನೆಯ ತರಗತಿಯ ಹುಡುಗರಿಗೆ ನಾನೇ ಹೇಳುತ್ತಿದ್ದೆ. ಕೊಲ್ಲಲಿಲ್ಲವೆಂಬ ಸಮಾಧಾನ ನನಗಿತ್ತು. ಒಮ್ಮೆ ಒಬ್ಬ ಹುಡುಗ, “ಅಲ್ಲಿ ಇವು ಏನು ತಿನ್ನುತ್ತವೆ, ಮಾಸ್ಟ್ರೇ?” ಎಂದು ಕೇಳಿದ. ನಾನು ಉತ್ತರ ಕೊಡಲಿಲ್ಲ.

ಉತ್ತರ ಇದು: ಕೆಲವು ಹಸಿದು ಸಾಯುತ್ತವೆ. ಉಳಿದವು ನೆಲದ ಮೇಲೆ ಮೇಯುವ ಹಕ್ಕಿಗಳನ್ನು, ಆಗತಾನೇ ಗೂಡು ಬಿಟ್ಟ ಮಡಿವಾಳ ಹಕ್ಕಿಯ ಮರಿಗಳನ್ನು, ಓತಿ, ಅರಣೆಗಳನ್ನು ತಿಂದು ಬದುಕುತ್ತವೆ. ಕಾಸರಗೋಡಿನ ನಮ್ಮ ಅಡಿಕೆ ತೋಟಗಳ ಹಾರುವ ಓತಿಯೂ ಮೊಟ್ಟೆಯಿಡಲು ನೆಲಕ್ಕಿಳಿಯಲೇಬೇಕು. ಆಗ ಅದಕ್ಕೂ ರಕ್ಷಣೆಯಿಲ್ಲ. ಹೊಟ್ಟೆ ತುಂಬಿದ ಬೆಕ್ಕೂ ಬೇಟೆಯಾಡುತ್ತದೆ. ಹಸಿವು ಬೇರೆ, ಬೇಟೆಯ ಸಹಜಗುಣ ಬೇರೆ.

ಮನುಷ್ಯನು ತಂದುಬಿಟ್ಟ ಬೆಕ್ಕು ಏನು ಮಾಡಬಲ್ಲದೆಂಬುದಕ್ಕೆ ದಕ್ಷಿಣ ಆಫ್ರಿಕಕ್ಕೆ ಸೇರಿದ ಮ್ಯಾರಿಯನ್ ದ್ವೀಪವೇ ಸಾಕ್ಷಿ. 1949ರಲ್ಲಿ ಇಲಿಗಳ ಕಾಟಕ್ಕೆಂದು ಅಲ್ಲಿಗೆ 5 ಬೆಕ್ಕುಗಳನ್ನು ಒಯ್ದರು. 1977ರ ವೇಳೆಗೆ ಅವು ಸುಮಾರು 3,400 ಆದವು. ವರ್ಷಕ್ಕೆ ಸುಮಾರು ನಾಲ್ಕೂವರೆ ಲಕ್ಷ ಕಡಲಹಕ್ಕಿಗಳನ್ನು ಕೊಲ್ಲುತ್ತಿದ್ದವೆಂದು ಅಂದಾಜು. ಅವುಗಳನ್ನು ದ್ವೀಪದಿಂದ ನಿರ್ಮೂಲಗೊಳಿಸಲು 1991ರವರೆಗೆ ಶ್ರಮಿಸಬೇಕಾಯಿತು.

ಹಾಗಾದರೆ ನಾವು ಮಾಡಬೇಕಾದುದೇನು?

ಒಂದು, ಸಾಕುಬೆಕ್ಕಿಗೆ ಪಶುವೈದ್ಯರಿಂದ ಸಂತಾನಹರಣ ಚಿಕಿತ್ಸೆ ಮಾಡಿಸಬೇಕು. ಹೆಣ್ಣುಬೆಕ್ಕು ಆರು ತಿಂಗಳು ತುಂಬುವ ಮೊದಲೇ ಗರ್ಭ ಧರಿಸಬಲ್ಲದು. ಗರ್ಭಾವಧಿ ಸುಮಾರು ಒಂಬತ್ತು ವಾರ ಮಾತ್ರ.

ಎರಡು, ಮುಸ್ಸಂಜೆಯಿಂದ ಬೆಳಕು ಚೆನ್ನಾಗಿ ಹರಿಯುವವರೆಗೆ ಬೆಕ್ಕನ್ನು ಒಳಗಿಡಬೇಕು. ಹಕ್ಕಿಗಳು ಮರಿಮಾಡುವ ತಿಂಗಳುಗಳಲ್ಲಿ ಹಗಲಿನಲ್ಲಿಯೂ ಗಮನವಿರಲಿ.

ಮೂರು, ಆಹಾರ ಮತ್ತು ಆಟ. ಇಂಗ್ಲೆಂಡಿನಲ್ಲಿ 355 ಬೆಕ್ಕುಗಳನ್ನು ಕುರಿತು ನಡೆಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಮಾಂಸದ ಅಂಶ ಹೆಚ್ಚಿರುವ ಆಹಾರ ಕೊಟ್ಟಲ್ಲಿ ಬೆಕ್ಕುಗಳು ಮನೆಗೆ ತರುವ ಬೇಟೆ ಶೇಕಡಾ 36ರಷ್ಟು, ದಿನಕ್ಕೆ 5ರಿಂದ 10 ನಿಮಿಷ ಆಟವಾಡಿಸಿದಲ್ಲಿ ಶೇಕಡಾ 25ರಷ್ಟು ಕಡಿಮೆಯಾಯಿತು. ಕೊರಳ ಗಂಟೆಯಿಂದ ಮಾತ್ರ ಹೇಳಿಕೊಳ್ಳುವಂಥ ಪ್ರಯೋಜನ ಕಂಡುಬರಲಿಲ್ಲ! ಬೆಕ್ಕಿಗೆ ಗಂಟೆ ಕಟ್ಟುವವರಾರು ಎಂಬ ಕಥೆಯನ್ನು ನನ್ನಿಂದ ಕೇಳಿದವರು ಇದನ್ನೂ ನೆನಪಿಡಲಿ.

ನಾಲ್ಕು, ಎಂಜಲನ್ನು ಬಯಲಿಗೆ ಚೆಲ್ಲಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಬೇಡವಾದ ಮರಿಗಳನ್ನು ಕಾಡಂಚಿನಲ್ಲಿಯಾಗಲಿ ಪೇಟೆಯಲ್ಲಿಯಾಗಲಿ ಬಿಟ್ಟುಬರಬಾರದು.

ಬೆಕ್ಕನ್ನು ದ್ವೇಷಿಸಬೇಕೆಂದು ನಾನು ಹೇಳುತ್ತಿಲ್ಲ. ಅದು ತನ್ನ ಸ್ವಭಾವದಂತೆ ನಡೆಯುತ್ತದೆ, ಹೊಣೆ ಸಾಕಿದವರದು. ಅಂದು ಗೋಣಿಚೀಲ ಹೊತ್ತ ಹುಡುಗರು ಇಂದು ಮಕ್ಕಳ ತಂದೆಯರಾಗಿದ್ದಾರೆ. ಅವರಲ್ಲಿ ನನ್ನದೊಂದು ವಿನಂತಿ: ಆ ಚೀಲವನ್ನು ನಿಮ್ಮ ಮಕ್ಕಳ ಕೈಗೆ ಕೊಡಬೇಡಿ. ಅವರು ಪ್ರಶ್ನೆ ಕೇಳಿದರೆ ನನ್ನಂತೆ ಸುಮ್ಮನಿರಲೂ ಬೇಡಿ.