ಗೆಡ್ಡೆ ಕರಗಿದ ಮೇಲೂ ಇಮ್ಯುನೊಥೆರಪಿ ಬೇಕೇ?

ಪ್ರಶ್ನೆ: ಟ್ರಿಪಲ್ ನೆಗೆಟಿವ್ ಸ್ತನ ಕ್ಯಾನ್ಸರ್‌ನ ಶಸ್ತ್ರಚಿಕಿತ್ಸೆಯಾಗಿದೆ; ಗೆಡ್ಡೆಯ ಕುರುಹೂ ಉಳಿದಿಲ್ಲ. ಬಾಕಿಯಿರುವ 9 ಪೆಂಬ್ರೊಲಿಜುಮ್ಯಾಬ್ (ಇಮ್ಯುನೊಥೆರಪಿ) ಡೋಸ್ ಬಿಡಬಹುದೇ?

ಉತ್ತರ: ಸ್ತನದಲ್ಲೂ ಕಂಕುಳಿನ ದುಗ್ಧಗ್ರಂಥಿಗಳಲ್ಲೂ ಕ್ಯಾನ್ಸರ್ ಉಳಿದಿಲ್ಲವೆಂಬ ವರದಿ, ಅಂದರೆ ಪೂರ್ಣ ಪ್ರತಿಕ್ರಿಯೆ, ನಿಜಕ್ಕೂ ಶುಭಸೂಚನೆ. ಆದರೆ ಈ ಔಷಧವನ್ನು ಪರೀಕ್ಷಿಸಿದ ಕೀನೋಟ್-522 ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಗೆ ಮೊದಲು 8, ಅನಂತರ 9 ಡೋಸ್ ಒಂದೇ ಚಿಕಿತ್ಸೆಯಾಗಿ ಯೋಜಿತವಾಗಿದ್ದುದರಿಂದ, ಕೊನೆಯ ಡೋಸ್‌ಗಳ ಪಾಲು ಎಷ್ಟೆಂಬುದನ್ನು ಅದು ಬಿಡಿಸಿ ಹೇಳುವುದಿಲ್ಲ. ಆಪ್ಟಿಮೈಸ್-ಪಿಸಿಆರ್ ಅಧ್ಯಯನ ರೂಪುಗೊಂಡದ್ದೇ ಆ ಪ್ರಶ್ನೆಗಾಗಿ. ಉತ್ತರ ಸ್ಪಷ್ಟವಾಗುವವರೆಗೆ, ದೇಹ ತಾಳುತ್ತಿದ್ದರೆ ಮುಂದುವರಿಸುವುದೇ ರೂಢಿ. ಆದರೆ ಈ ಔಷಧದಿಂದ ರೋಗನಿರೋಧಕ ಶಕ್ತಿ ಸ್ವಂತ ಅಂಗಗಳ ಮೇಲೇ ತಿರುಗಿ ಥೈರಾಯ್ಡ್ ಅಥವಾ ಅಡ್ರಿನಲ್ ಗ್ರಂಥಿ ಕೆಟ್ಟರೆ ಜೀವನಪೂರ್ತಿ ಮಾತ್ರೆ ಬೇಕಾಗಬಹುದು. ಅಂಥ ಲಕ್ಷಣವಿದ್ದರೆ ನಿಲ್ಲಿಸುವ ಮಾತು ನ್ಯಾಯವಾದುದು. ಶಸ್ತ್ರಚಿಕಿತ್ಸೆಯ ಪೆಥಾಲಜಿ ಮತ್ತು ಥೈರಾಯ್ಡ್‌ನ ಟಿಎಸ್‌ಎಚ್ ವರದಿಗಳೊಡನೆ ಆಂಕಾಲಜಿಸ್ಟರನ್ನು ಕಂಡು ನಿರ್ಧರಿಸಿ, ತಾವಾಗಿಯೇ ಡೋಸ್ ತಪ್ಪಿಸಬೇಡಿ. ಪದೇಪದೇ ಭೇದಿ, ಏದುಸಿರು, ತೀವ್ರ ಸುಸ್ತು ಕಂಡರೆ, ಚಿಕಿತ್ಸೆ ಮುಗಿದು ತಿಂಗಳುಗಳಾಗಿದ್ದರೂ, ಅದೇ ದಿನ ಆಸ್ಪತ್ರೆಗೆ ಹೋಗಿ.